ಸಹಾಯ ಬೇಕು: ಶ್ವಾಸಕೋಶ ಮತ್ತು ತೀವ್ರ ನಿಗಾ ವಿಭಾಗದ ಉನ್ನತ ತರಬೇತಿ ಕುರಿತು

ಗುಂಪಿನ ಹಿರಿಯ ವೈದ್ಯರಿಗೆ ನಮಸ್ಕಾರಗಳು.

ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಮುಗಿಸಿ ಶಿರಸಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ಆಷಾಢದ ಒಂದು ರಾತ್ರಿ, ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ) ಉಲ್ಬಣಿಸಿದ್ದ ಅಡಿಕೆ ತೋಟದ ಹಿರಿಯರೊಬ್ಬರಿಗೆ ಶ್ವಾಸನಾಳಕ್ಕೆ ಟ್ಯೂಬ್ ಹಾಕಿದೆನಾದರೂ ವೆಂಟಿಲೇಟರ್ ಖಾಲಿ ಇರಲಿಲ್ಲ. ಹುಬ್ಬಳ್ಳಿಯವರೆಗಿನ ಸುಮಾರು 100 ಕಿಲೋಮೀಟರ್ ದಾರಿಯುದ್ದಕ್ಕೂ ನಾನು ಮತ್ತು ಸಿಸ್ಟರ್ ಸರದಿಯಂತೆ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಒತ್ತುತ್ತಾ ಹೋದೆವು. ಉಸಿರು ಹೊರಹೋಗಲು ಸಮಯ ಕೊಡದೆ ಬೇಗ ಬೇಗ ಒತ್ತಿದರೆ ಎದೆಯೊಳಗೆ ಗಾಳಿ ಉಳಿದು ರಕ್ತದೊತ್ತಡ ಕುಸಿಯುತ್ತದೆ ಎಂದು ಓದಿದ್ದೆ. ಮುಂಡಗೋಡದ ಬಳಿ ಅವರ ನಾಡಿ ಕ್ಷೀಣಿಸಿದಾಗ ಅದು ನನ್ನ ಕೈಗೇ ತಿಳಿಯಿತು. ಅವರು ಬದುಕಿದರು. ಈ ವಿದ್ಯೆಯನ್ನು ಸರಿಯಾಗಿ ಕಲಿತು ಊರಿಗೇ ಮರಳಬೇಕೆಂದು ಅಂದೇ ನಿರ್ಧರಿಸಿದೆ.

ಈಗ, ಎಂಡಿಯ ನಂತರದ ಉನ್ನತ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ನೀಟ್-ಎಸ್‌ಎಸ್‌ಗೆ ಓದುತ್ತಿದ್ದೇನೆ. ಏಮ್ಸ್ ಮತ್ತು ಚಂಡೀಗಢದ ಪಿಜಿಐ ಪ್ರವೇಶಕ್ಕಾಗಿ ಪ್ರತ್ಯೇಕ ಪರೀಕ್ಷೆಯಾದ ಐಎನ್‌ಐ-ಎಸ್‌ಎಸ್ ಅನ್ನೂ ಬರೆಯುವವನಿದ್ದೇನೆ. ಅಮೆರಿಕದಲ್ಲಿ ಶ್ವಾಸಕೋಶ ಮತ್ತು ತೀವ್ರ ನಿಗಾ ಎರಡನ್ನೂ ಕೂಡಿಸಿದ 3 ವರ್ಷದ ಫೆಲೋಶಿಪ್ ಇದ್ದರೂ ಅದಕ್ಕೆ ಮೊದಲು ಅಲ್ಲಿ 3 ವರ್ಷದ ರೆಸಿಡೆನ್ಸಿ ಮಾಡಬೇಕಾಗುವುದರಿಂದ, ವಯಸ್ಸಾದ ತಂದೆ-ತಾಯಿಯನ್ನು ಬಿಟ್ಟು ಅಷ್ಟು ಕಾಲ ದೂರವಿರಲಾರೆ.

ನನ್ನ ಗೊಂದಲವಿಷ್ಟೇ: ಜಿಲ್ಲೆಯಲ್ಲಿ ಐಸಿಯು ನಡೆಸುವವನಿಗೆ ಶ್ವಾಸಕೋಶ ವೈದ್ಯಕೀಯದ ಡಿಎಂ (ಎಂಡಿ ನಂತರದ ಉನ್ನತ ಪದವಿ) ಹೆಚ್ಚು ಉಪಯುಕ್ತವೋ, ತೀವ್ರ ನಿಗಾ ಅಂದರೆ ಕ್ರಿಟಿಕಲ್ ಕೇರ್‌ನ ಡಿಎಂ ಅಥವಾ ಅದಕ್ಕೆ ಸಮಾನವಾದ ಡಿಆರ್‌ಎನ್‌ಬಿಯೋ? ಯಾವ ಬೋಧನಾ ಆಸ್ಪತ್ರೆಗಳಲ್ಲಿ ಬ್ರಾಂಕೋಸ್ಕೋಪಿಯನ್ನು (ಕೊಳವೆ ಹಾಕಿ ಶ್ವಾಸನಾಳದ ಒಳಗೆ ನೋಡುವ ಪರೀಕ್ಷೆ) ಮೊದಲ ವರ್ಷದಿಂದಲೇ ಸ್ವತಃ ಮಾಡಲು ಬಿಡುತ್ತಾರೆ, ರಾತ್ರಿ ಪಾಳಿಯಲ್ಲಿ ಹಿರಿಯರು ಹಾಸಿಗೆಯ ಬಳಿ ನಿಂತು ಕಲಿಸುತ್ತಾರೆ? ತರಬೇತಿಯ ನಂತರದ ಕಡ್ಡಾಯ ಸೇವೆಯ ಬಾಂಡ್ ಷರತ್ತುಗಳೇನು? ತರಬೇತಿ ಪಡೆದವರು, ವಿಶೇಷವಾಗಿ ಕಾರವಾರ, ಕುಮಟಾ ಕಡೆಯವರು, ದಯವಿಟ್ಟು ತಮ್ಮ ಅನುಭವವನ್ನು ಇಲ್ಲಿಯೇ ಬರೆಯಬೇಕಾಗಿ ವಿನಂತಿ.