244 ಕೋಟಿ, ಬ್ಲೂಟೂತು ಮತ್ತು ನಮ್ಮ ಬೋರ್‌ವೆಲ್ ಮೋಟರು

ನಮ್ ಫ್ಯಾಮಿಲಿ ವಾಟ್ಸಾಪ್ ಗುಂಪಿನ ಹೆಸರು 'ತೋಟದ ಮನೆ'. ತೋಟ ತಿಪಟೂರಿನ ಹತ್ರ ಇನ್ನೂ ಇದೆ, ಮನೆ ಪಾಲಾಗಿದೆ, ಗುಂಪು ಮಾತ್ರ ಹೇಗೋ ಒಟ್ಟಿಗಿದೆ. ಭಾನುವಾರ ನಡೆದಿದ್ದನ್ನ ಹೆಚ್ಚುಕಮ್ಮಿ ಹಾಗೇ ಹಾಕ್ತಿದೀನಿ, ಹೆಸರುಗಳು ನನ್ ಫೋನಲ್ಲಿ ಸೇವ್ ಆಗಿರೋ ತರ. ಗುಡ್ ಮಾರ್ನಿಂಗ್ ಹೂವುಗಳನ್ನ ತೆಗೆದಿದೀನಿ, ಇಲ್ದಿದ್ರೆ ಇದು ಮುಗಿಯಲ್ಲ.

ದೊಡ್ಡಪ್ಪ: ಅತಿ ಮುಖ್ಯ ಮಾಹಿತಿ!! ನಮ್ಮ ದೇಶದ ಮೊಬೈಲ್ ಕಂಪನಿ ಲಾವಾಗೆ ದಿಲ್ಲಿ ಹೈಕೋರ್ಟಿನಿಂದ 244 ಕೋಟಿ ದಂಡ. ಸ್ವೀಡನ್ನಿನ ಎರಿಕ್ಸನ್ ಕಂಪನಿಯ ಬ್ಲೂಟೂತ್ ತಂತ್ರಜ್ಞಾನ ಕದ್ದಿದ್ದಾರೆಂದು ಕೇಸು. ಶೀಘ್ರದಲ್ಲೇ ಎಲ್ಲಾ ಭಾರತೀಯ ಫೋನ್‌ಗಳು ಬಂದ್. ಬ್ಲೂಟೂತ್ ಆನ್ ಮಾಡಿದ ಪ್ರತಿ ಗ್ರಾಹಕರ ಖಾತೆಯಿಂದ ರಾಯಲ್ಟಿ ಕಡಿತ. ಈಗಲೇ ಆಫ್ ಮಾಡಿ. ಬ್ರಿಟಿಷರು ಹೋದರು, ಸ್ವೀಡಿಷರು ಬಂದರು. ನಿಜವಾದ ಭಾರತೀಯನಾದರೆ ಹತ್ತು ಜನಕ್ಕೆ ಕಳಿಸಿ 🙏

ಚಿಕ್ಕಮ್ಮ: ಅಯ್ಯೋ ಭಾವ, ಇವರ ಕಿವಿ ಮಷೀನು ಬ್ಲೂಟೂತಲ್ಲೇ ಅಲ್ವಾ ಇರೋದು, ಆಫ್ ಮಾಡ್ಲಾ

ಚಿಕ್ಕಪ್ಪ: ಅದು ಕಿವಿ ಮಷೀನಲ್ಲ, ಇಯರ್‌ಫೋನು

ಚಿಕ್ಕಮ್ಮ: ಹಾಕ್ಕೊಂಡ್ರೂ ನಾನು ಕರೆದಿದ್ದು ಕೇಳ್ಸಲ್ಲ, ಹಾಕ್ಕೊಳ್ದಿದ್ರೂ ಕೇಳ್ಸಲ್ಲ, ಏನಾದ್ರೇನು

ಅನು: ದೊಡ್ಡಪ್ಪ, ಇದನ್ನ ಯಾರು ಕಳಿಸಿದ್ದು? ಸೋರ್ಸ್ ಏನು?

(ಅನು ನನ್ ತಂಗಿ, ಬೆಂಗಳೂರಲ್ಲಿ ವಕೀಲೆ. ಅವಳು 'ಸೋರ್ಸ್' ಅಂದ ತಕ್ಷಣ ಗುಂಪಲ್ಲಿ ಅರ್ಧ ಜನ ಟೈಪ್ ಮಾಡೋದು ನಿಲ್ಲಿಸ್ತಾರೆ, ಇನ್ನರ್ಧ ಜನ ಕಾಫಿ ತಗೊಂಡು ಬಂದು ಕೂರ್ತಾರೆ.)

ದೊಡ್ಡಪ್ಪ: ನಮ್ಮ ಪೆನ್ಷನರ್ಸ್ ಗುಂಪಿನಲ್ಲಿ ಬಂತಮ್ಮ. ಕಳಿಸಿದವರು ಸಾಮಾನ್ಯರಲ್ಲ, ಟೆಲಿಫೋನ್ ಇಲಾಖೆಯಲ್ಲಿ ರಿಟೈರ್ ಆದವರು.

ಅನು: ರಿಟೈರ್ ಆದವರು ಅಂದ್ರೆ ಸೋರ್ಸ್ ಆಗಲ್ಲ ದೊಡ್ಡಪ್ಪ. 2016ರಲ್ಲಿ 2000 ರೂಪಾಯಿ ನೋಟಲ್ಲಿ ಚಿಪ್ ಇದೆ, ನೆಲದಡಿ ಹೂತಿಟ್ರೂ ಸ್ಯಾಟಲೈಟಿಗೆ ಕಾಣತ್ತೆ ಅಂತ ಕಳಿಸಿದ್ದೂ ಇದೇ ಗುಂಪಿಂದ ಬಂದಿದ್ದೇ.

ಚಿಕ್ಕಪ್ಪ: ಅದನ್ನ ನಂಬಿ ಅಣ್ಣ ಒಂದು ನೋಟನ್ನ ಟಾರ್ಚ್ ಹಾಕ್ಕೊಂಡು ರಾತ್ರಿಯೆಲ್ಲಾ ನೋಡಿದ್ದ 😂

ದೊಡ್ಡಪ್ಪ: ನಾನು ಪರೀಕ್ಷೆ ಮಾಡಿದೆ. ಪರೀಕ್ಷೆ ಮಾಡುವುದು ವೈಜ್ಞಾನಿಕ ಮನೋಭಾವ. ನೀನು ನೋಟನ್ನೇ ನೋಡಿರಲಿಲ್ಲ, ಆಗಲೂ ನನ್ನ ಹತ್ತಿರವೇ ಸಾಲ ಕೇಳಿದ್ದೆ.

ಇಲ್ಲಿ ಸ್ವಲ್ಪ ಹೊತ್ತು ಗುಂಪು ತಣ್ಣಗಾಯ್ತು. ಆಮೇಲೆ ಅನು ಬರೆದಿದ್ದು, ಇದನ್ನ ಯಾರೂ ಪೂರ್ತಿ ಓದಿಲ್ಲ ಅಂತ ನನಗೆ ಗೊತ್ತು, ಯಾಕಂದ್ರೆ ಆಮೇಲೆ ಕೇಳಿದ ಪ್ರಶ್ನೆಗಳಿಗೆಲ್ಲಾ ಉತ್ತರ ಇದರಲ್ಲೇ ಇತ್ತು:

ಅನು: ಕೇಸು ನಿಜ, 244 ಕೋಟಿನೂ ನಿಜ, ಉಳಿದಿದ್ದೆಲ್ಲಾ ಕಟ್ಟುಕತೆ. ತೀರ್ಪು ಬಂದಿದ್ದು 2024ರ ಮಾರ್ಚ್ 28ಕ್ಕೆ, ಅಂದ್ರೆ ಹಳೇ ಸುದ್ದಿ, ಜಸ್ಟಿಸ್ ಅಮಿತ್ ಬನ್ಸಲ್ ಕೊಟ್ಟಿದ್ದು. ಸರ್ಕಾರಕ್ಕೆ ಕಟ್ಟೋ ದಂಡ ಅಲ್ಲ, ಎರಿಕ್ಸನ್‌ಗೆ ಕೊಡಬೇಕಾದ ಪರಿಹಾರ. ಬ್ಲೂಟೂತ್ ಈ ಕೇಸಲ್ಲಿ ಇಲ್ವೇ ಇಲ್ಲ. ಎರಿಕ್ಸನ್ ಮುಂದಿಟ್ಟಿದ್ದು 8 ಪೇಟೆಂಟು, ನಾವು ಮಾತಾಡೋ ಧ್ವನಿನ ಕುಗ್ಗಿಸಿ ಕಳಿಸೋ ಎಎಂಆರ್, ಆಮೇಲೆ 2ಜಿ ಫೋನಲ್ಲಿ ಇಂಟರ್ನೆಟ್ ಓಡಿಸೋ ಎಡ್ಜ್, 3ಜಿ, ಇವುಗಳದ್ದು. ಅದರಲ್ಲಿ ಒಂದರಲ್ಲಿ ಹೊಸದೇನಿಲ್ಲ ಅಂತ ಕೋರ್ಟೇ ರದ್ದು ಮಾಡ್ತು, 7 ನಿಂತವು. ಫೋನ್ ಬಂದ್ ಆಗೋ ಮಾತೇ ಇಲ್ಲ, ತೀರ್ಪು ಬರೋ ಹೊತ್ತಿಗೆ ಪೇಟೆಂಟುಗಳ 20 ವರ್ಷದ ಅವಧಿನೇ ಮುಗಿದಿತ್ತು, ಉಳಿದಿದ್ದು ಬರೀ ದುಡ್ಡಿನ ಲೆಕ್ಕ. ಆ ದುಡ್ಡು ಕಂಪನಿ ಕೊಡೋದು, ನಿಮ್ ಖಾತೆಯಿಂದ ಯಾರೂ ಕಟ್ ಮಾಡಲ್ಲ.

ಚಿಕ್ಕಮ್ಮ: ಹಾಗಾದ್ರೆ ಆಫ್ ಮಾಡ್ಲೋ ಬೇಡ್ವೋ

ದೊಡ್ಡಪ್ಪ: ಅನು, ನೀನು ಓದಿದವಳು, ಸಂತೋಷ. ಆದರೆ ಮೂಲ ಪ್ರಶ್ನೆ ಬೇರೆ. ನಮ್ಮ ಹುಡುಗರು ಕಷ್ಟಪಟ್ಟು ಒಂದು ಫೋನ್ ಮಾಡಿದರೆ ಹೊರಗಿನವನು ಬಂದು ಪಾಲು ಕೇಳುವುದು ಯಾವ ನ್ಯಾಯ? ವಿದ್ಯೆ ಹಂಚಿದಷ್ಟೂ ಹೆಚ್ಚುತ್ತದೆ ಎಂದು ನಾನು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟೆ. ಯಾರ ಹತ್ತಿರವೂ ರಾಯಲ್ಟಿ ಕೇಳಲಿಲ್ಲ.

ಚಿಕ್ಕಪ್ಪ: ಟ್ಯೂಷನ್ ಫೀಸ್ ಕೇಳ್ತಿದ್ದೆ ಅಣ್ಣ

ದೊಡ್ಡಪ್ಪ: ಅದು ಬೇರೆ.

ಪ್ರಕಾಶ್ ಭಾವ: ಮಾವ ನಮಸ್ಕಾರ, ಅಂಗಡಿ ಬಾಗಿಲು ತೆಗೀತಿದ್ದೆ ಈಗ ನೋಡ್ದೆ. ಈ ಕತೆ ನಂಗೆ ಚೆನ್ನಾಗಿ ಗೊತ್ತು, 2014 ಡಿಸೆಂಬರಲ್ಲಿ ಇದೇ ಎರಿಕ್ಸನ್ನು ಚೀನಾದ ಫೋನ್ ಕಂಪನಿ ಶಿಯೋಮಿ ಮೇಲೆ ಕೇಸ್ ಹಾಕಿ 8ನೇ ತಾರೀಕು ದಿಲ್ಲಿ ಹೈಕೋರ್ಟಿಂದ ಸ್ಟೇ ತಂದಿತ್ತು, ಇಂಪೋರ್ಟ್ ಇಲ್ಲ ಮಾರಾಟ ಇಲ್ಲ. ಆವಾಗ ಆ ಫೋನು ಆನ್‌ಲೈನಲ್ಲಿ ಬಿಟ್ರೆ ಎಲ್ಲೂ ಸಿಗ್ತಿರ್ಲಿಲ್ಲ, ನಮ್ ಅಂಗಡಿಗೆ ಬಂದು ಜನ ಬೇರೆ ಫೋನಿನ ಡಬ್ಬ ಮುಟ್ಟಿ ನೋಡಿ ರೇಟ್ ಕೇಳಿ ಹೋಗಿ ಮಂಗಳವಾರದ ಆನ್‌ಲೈನ್ ಸೇಲಿಗೆ ಕಂಪ್ಯೂಟರ್ ಮುಂದೆ ಕೂರೋರು. ಸ್ಟೇ ಬಂದ ದಿನ ನಾನು ಹುಡುಗ್ರಿಗೆ ಮೈಸೂರ್‌ಪಾಕ್ ತಂದ್‌ಕೊಟ್ಟೆ.

ಅನು: ಆ ಖುಷಿ ಒಂದು ವಾರಕ್ಕೇ ಮುಗೀತಲ್ವಾ ಭಾವ. 16ಕ್ಕೆ ಅದೇ ಕೋರ್ಟಿನ ಇಬ್ಬರು ಜಡ್ಜ್‌ಗಳ ಡಿವಿಷನ್ ಬೆಂಚು ಕ್ವಾಲ್ಕಾಮ್ ಕಂಪನಿ ಚಿಪ್ ಇರೋ ಫೋನ್ ಮಾರಬಹುದು ಅಂತು, ಒಂದೊಂದು ಫೋನಿಗೆ 100 ರೂಪಾಯಿ ಕೋರ್ಟಲ್ಲಿ ಡಿಪಾಸಿಟ್ ಇಡಬೇಕು ಅಂತ ಷರತ್ತು.

ಪ್ರಕಾಶ್ ಭಾವ: ಹೌದಮ್ಮ, ಮೀಡಿಯಾಟೆಕ್ ಚಿಪ್ಪಿಂದು ನಿಂತೋಯ್ತು, ಕ್ವಾಲ್ಕಾಮಿಂದು ಮತ್ತೆ ಬಂತು. ಅದರಲ್ಲೇ ಒಂದನ್ನ ನಮ್ ಮನೆಯವರೇ ಆನ್‌ಲೈನಲ್ಲಿ ತರಿಸ್ಕೊಂಡ್ರು. ಹೆಸರು ಹೇಳಲ್ಲ. ಸ್ಕ್ರೀನ್‌ಗಾರ್ಡ್ ಹಾಕ್ಸೋಕೆ ಮಾತ್ರ ನನ್ ಅಂಗಡಿಗೇ ಬಂದ್ರು.

ಚಿಕ್ಕಪ್ಪ: ಹೇಳಪ್ಪಾ ಹೇಳು, ನಾನೇ. ನಿನ್ ಅಂಗಡಿಲಿ ಅದೇ ದುಡ್ಡಿಗೆ ಕೊಟ್ಟಿದ್ದು ನೆನಪಿದ್ಯಾ? ಮೂರು ದಿನಕ್ಕೆ ಬ್ಯಾಟರಿ ಉಬ್ಬಿ ಇಡ್ಲಿ ಆಗಿತ್ತು. ಕಿಟ್ಟಿ ಕೈಲಿ ಫ್ಲ್ಯಾಶ್ ಸೇಲಲ್ಲಿ ಬುಕ್ ಮಾಡ್ಸಿದೆ, ಏನೀಗ

ಪ್ರಕಾಶ್ ಭಾವ: ಅಳಿಯ ಅಂತ ಸುಮ್ನಿದೀನಿ

ಚಿಕ್ಕಮ್ಮ: ಇಬ್ಬರೂ ನಿಲ್ಸಿ, ಮುಂದಿನ ತಿಂಗಳು ಗೃಹಪ್ರವೇಶ ಇದೆ, ಎದುರಾಬದುರು ಕೂತು ಊಟ ಮಾಡ್ಬೇಕು

ಪ್ರಕಾಶ್ ಭಾವ: ಅದಿರ್ಲಿ ಅನು ನನ್ ಪ್ರಶ್ನೆ ಒಂದಿದೆ, ಚಿಪ್ಪಿನ ರೇಟು ಇಷ್ಟು ಅಂತಿರತ್ತೆ, ಪೇಟೆಂಟ್ ಇರೋದೂ ಆ ಚಿಪ್ಪಿನ ಕೆಲಸಕ್ಕೆ. ಇಡೀ ಫೋನಿನ ರೇಟ್ ಮೇಲೆ ಪರ್ಸೆಂಟೇಜ್ ಯಾಕೆ ಕೇಳ್ತಾರೆ? ಕಂಪನಿಯವ್ರು ಒಳ್ಳೆ ಕ್ಯಾಮೆರಾ ಹಾಕಿ ರೇಟ್ ಏರಿಸಿದ್ರೆ ಸ್ವೀಡನ್‌ಗೆ ಯಾಕೆ ಜಾಸ್ತಿ ಹೋಗ್ಬೇಕು?

ಗುಂಪಿನ ಅಷ್ಟೂ ಗಲಾಟೇಲಿ ನಿಜವಾಗ್ಲೂ ಬೆಲೆ ಇರೋ ಪ್ರಶ್ನೆ ಅಂತ ಇದ್ದಿದ್ದು ಇದೊಂದೇ, ಕೇಳಿದ್ದು ದಿನಾ ಫೋನ್ ಮಾರೋ ಮನುಷ್ಯ.

ಅನು: ಲಾವಾ ವಾದನೂ ಅದೇ ಆಗಿತ್ತು ಭಾವ. ಕೋರ್ಟ್ ಒಪ್ಪಲಿಲ್ಲ, ಫೋನ್ ಮಾರಿದ ಬೆಲೆ ಮೇಲೇ ಲೆಕ್ಕ ಹಾಕ್ತು. ನನ್ ಕೇಳಿದ್ರೆ ಅಗ್ಗದ ಫೋನ್ ಮಾಡೋರಿಗೆ ಇದು ಕಷ್ಟನೇ, ಮಾರ್ಜಿನ್ನೇ ಇರಲ್ಲ. ಇನ್ನೊಂದು ಕಡೆಯಿಂದ ನೋಡಿ, ಆ ತಂತ್ರಜ್ಞಾನ ಎಲ್ಲಾ ಕಂಪನಿಗಳೂ ಪಾಲಿಸಬೇಕಾದ ಸ್ಟ್ಯಾಂಡರ್ಡಲ್ಲೇ ಸೇರಿಹೋಗಿದೆ, ಅದಿಲ್ದೆ 3ಜಿ ಫೋನ್ ಮಾಡೋಕೇ ಆಗಲ್ಲ. ಅದಕ್ಕೇ ಪೇಟೆಂಟ್ ಇರೋರು ಕೇಳಿದವರಿಗೆಲ್ಲಾ ನ್ಯಾಯವಾದ ದರಕ್ಕೆ, ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡ್ದೆ ಲೈಸೆನ್ಸ್ ಕೊಡ್ತೀವಿ ಅಂತ ಮೊದಲೇ ಮಾತು ಕೊಟ್ಟಿರ್ತಾರೆ. ಜಗಳ ಎಲ್ಲಾ ನ್ಯಾಯವಾದ ದರ ಅಂದ್ರೆ ಎಷ್ಟು ಅನ್ನೋದ್ರಲ್ಲೇ.

ಕಿಟ್ಟಿ ಮ್ಯೂನಿಕ್: ಇಲ್ಲಿ ಈಗ ಎದ್ದೆ. ಅಪ್ಪ, ಬ್ಲೂಟೂತ್ ಹುಟ್ಟಿದ್ದು ಎರಿಕ್ಸನ್‌ನಲ್ಲೇ, ಸ್ವೀಡನ್ನಿನ ಲುಂಡ್ ಅನ್ನೋ ಊರಲ್ಲಿ, ಯಾರೋ ಅದನ್ನೂ ಇದನ್ನೂ ಗಂಟು ಹಾಕಿದಾರೆ. ಇಲ್ಲಿ 2022ರಲ್ಲಿ ಇನ್ನೂ ಮಜಾ ಆಗಿತ್ತು, ನೋಕಿಯಾದವರು ಪೇಟೆಂಟ್ ಕೇಸ್ ಗೆದ್ದಿದ್ದಕ್ಕೆ ಒಪ್ಪೊ, ಒನ್‌ಪ್ಲಸ್ ಎರಡೂ ಜರ್ಮನಿಲಿ ಮಾರಾಟ ನಿಲ್ಲಿಸಿದ್ವು. ವೆಬ್‌ಸೈಟಿಗೆ ಹೋದ್ರೆ ಒಂದು ಫೋನೂ ಇಲ್ಲ, ಖಾಲಿ.

ಪ್ರಕಾಶ್ ಭಾವ: ನೋಕಿಯಾ ಸತ್ತೋಗಿರ್ಲಿಲ್ವಾ

ಕಿಟ್ಟಿ ಮ್ಯೂನಿಕ್: ಫೋನ್ ಮಾಡೋ ವ್ಯಾಪಾರನ 2014ರಲ್ಲಿ ಮೈಕ್ರೋಸಾಫ್ಟಿಗೆ ಮಾರಿದ್ರು ಭಾವ, ಪೇಟೆಂಟ್ ಮಾತ್ರ ತಮ್ ಹತ್ರಾನೇ ಇಟ್ಕೊಂಡ್ರು. 2024 ಜನವರಿಲಿ ಒಪ್ಪೊ ಜೊತೆ ರಾಜಿ ಆಯ್ತು. ಆದ್ರೂ ನೋಕಿಯಾ ಅಂದ್ರೆ 1100 ಕಣ್ರೋ... ಆ ಟಾರ್ಚ್ ಹಾಕ್ಕೊಂಡು ತೋಟದಲ್ಲಿ ರಾತ್ರಿ ಓಡಾಡ್ತಿದ್ದಿದ್ದು, ಸ್ಪೈಸ್ ಸಿಮ್ಮು, ಸಿಗ್ನಲ್ ಬೇಕಂದ್ರೆ ನೀರಿನ ಟ್ಯಾಂಕ್ ಹತ್ತಬೇಕು, ದೊಡ್ಡಜ್ಜಿ ಕೆಳಗಿಂದ ಬಯ್ಯೋರು ಬಿದ್ದು ಕಾಲು ಮುರ್ಕೊಳ್ತೀಯ ಅಂತ. ಹಲಸಿನ ಮರದ ಕೆಳಗೆ ಕೂತು ಸ್ನೇಕ್ ಆಡ್ತಿದ್ವಿ. ಚಿಕ್ಕಪ್ಪ ಊರಿಂದ ಎರಡು ಮಿಸ್ಡ್ ಕಾಲ್ ಕೊಟ್ರೆ ಮೋಟರ್ ಆನ್ ಮಾಡ್ಬೇಕು, ಮೂರು ಕೊಟ್ರೆ ಆಫು. ಎಂಥಾ ದಿನಗಳು

ದೊಡ್ಡಮ್ಮ: ಯಾವ ಮೋಟರು

(ದೊಡ್ಡಮ್ಮ ಗುಂಪಲ್ಲಿ ಬರೆಯೋದೇ ಅಪರೂಪ. ಎಲ್ಲಾ ಓದ್ತಾರೆ.)

ಕಿಟ್ಟಿ ಮ್ಯೂನಿಕ್: ನಮ್ ಬೋರ್‌ವೆಲ್‌ದು ಅಮ್ಮ

ದೊಡ್ಡಮ್ಮ: ನಮ್ಮದು ಅಂತ ನಿನಗಾದ್ರೂ ನೆನಪಿದ್ಯಲ್ಲ. ಕೊರೆಸಿದ್ದು ನಾವು, ಕರೆಂಟ್ ಕನೆಕ್ಷನ್ ನಮ್ದು, ಮೋಟರ್ ಸುಟ್ಟಾಗ ರೀವೈಂಡಿಂಗ್ ಮಾಡ್ಸಿದ್ದು ನಾವು, ನೀರು ಮಾತ್ರ ಅವರ ತೋಟಕ್ಕೂ ಹೋಗತ್ತೆ. ರೀವೈಂಡಿಂಗ್ ದುಡ್ಡಲ್ಲಿ ಅರ್ಧ ಕೊಡ್ತೀನಿ ಅಂದೋರು ಇವತ್ತಿನವರೆಗೂ ಮಾತಾಡೋಣ ಮಾತಾಡೋಣ ಅಂತಿದಾರೆ.

ಚಿಕ್ಕಪ್ಪ: ಅತ್ತಿಗೆ, ಗುಂಪಲ್ಲಿ ಬೇಡ. ಕೊಡಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ, ಬಿಲ್ ತೋರ್ಸಿ ಅಂದೆ. ಬೋರು ಅಪ್ಪ ಇದ್ದಾಗ ಕೊರೆಸಿದ್ದು, ಅದರಲ್ಲಿ ನಂದೂ ಪಾಲಿದೆ. ರೇಟೂ ಜಾಸ್ತಿ ಹೇಳ್ತಿದೀರ, ಪಕ್ಕದ ತೋಟದವ್ರು ಅದಕ್ಕಿಂತ ಕಮ್ಮಿಗೆ ಮಾಡ್ಸಿದಾರೆ.

ಅನು: ಚಿಕ್ಕಪ್ಪ ಬೇಜಾರ್ ಮಾಡ್ಕೋಬೇಡಿ, ನಿಮ್ದು ಸೇಮ್ ಲಾವಾ ಕೇಸು 😂 ಎರಿಕ್ಸನ್‌ನವರು ಲಾವಾಗೆ ಪತ್ರ ಬರೆಯೋಕೆ ಶುರು ಮಾಡಿದ್ದು 2011ರಲ್ಲಿ. ಮೀಟಿಂಗ್ ಮೇಲೆ ಮೀಟಿಂಗು, ಪೇಟೆಂಟೇ ಸರಿ ಇಲ್ಲ, ರೇಟ್ ಜಾಸ್ತಿ, ಹೀಗೇ ವರ್ಷಗಟ್ಟಲೆ, ಅಷ್ಟರಲ್ಲಿ ಫೋನ್ ಮಾತ್ರ ಮಾರ್ತಾನೇ ಇದ್ರು. ಲೈಸೆನ್ಸ್ ತಗೊಳ್ಳೋ ಮನಸ್ಸೇ ಇರ್ಲಿಲ್ಲ ಅಂತ ಕೋರ್ಟ್ ತೀರ್ಪಲ್ಲಿ ಹೇಳಿತು.

ಚಿಕ್ಕಪ್ಪ: ಓಹೋ. ಹಾಗಾದ್ರೆ ಒಂದ್ ಮಾತು ಕೇಳ್ತೀನಿ. ಅಣ್ಣ, ಬೆಳಿಗ್ಗೆ ನೀನು ಹಾಕಿದ್ದೇನು? ಹೊರಗಿನವನು ಬಂದು ಪಾಲು ಕೇಳೋದು ಯಾವ ನ್ಯಾಯ, ವಿದ್ಯೆ ಹಂಚಬೇಕು, ರಾಯಲ್ಟಿ ಕೇಳಬಾರ್ದು. ನೀರು ಹಂಚಬಾರ್ದಾ? ಸ್ವೀಡಿಷರು ದಿಲ್ಲಿಗೆ ಬಂದಿದ್ದು ತಪ್ಪು, ನಮ್ಮನೇಲೇ ಎರಿಕ್ಸನ್ ಕೂತಿರೋದು ಸರಿನಾ?

ಇದಕ್ಕೆ ಹನ್ನೊಂದು ಜನ ಬಿದ್ದು ಬಿದ್ದು ನಗೋ ಮುಖ ಹಾಕಿದ್ರು, ಅದರಲ್ಲಿ ಧೈರ್ಯ ಸಾಲ್ದೆ ಆಮೇಲೆ ತೆಗೆದವರು ಇಬ್ಬರು. ಪ್ರಕಾಶ್ ಭಾವ ಹಾಕಿ ತೆಗೆದಿದ್ದನ್ನ ನಾನೇ ನೋಡ್ದೆ.

ದೊಡ್ಡಪ್ಪ: ನೀನು ಮಾತು ತಿರುಚುತ್ತಿದ್ದೀಯ. ನಾನು ಹೇಳಿದ್ದು ರಾಷ್ಟ್ರದ ವಿಷಯ. ಕುಟುಂಬದ ವಿಷಯ ಬೇರೆ. ಹಿರಿಯರಿಗೆ ಗೌರವ ಕೊಡುವುದನ್ನು ಈ ಮನೆಯಲ್ಲಿ ಯಾರೂ ಕಲಿಯಲಿಲ್ಲ. ನಾನು ಗುಂಪು ಬಿಡುತ್ತೇನೆ 🙏

ಚಿಕ್ಕಮ್ಮ: ಭಾವ ಬಿಡಬೇಡಿ, ಅಡ್ಮಿನ್ ನೀವೇ

ಕಿಟ್ಟಿ ಮ್ಯೂನಿಕ್: ಅಪ್ಪ ಬಿಟ್ರೆ ಮತ್ತೆ ಸೇರ್ಸೋದು ಹೇಗೆ ಅಂತ ಯಾರಿಗೂ ಗೊತ್ತಿಲ್ಲ, ಹೋದ ಸಲ ನಾನೇ ವೀಡಿಯೋ ಕಾಲ್ ಮಾಡಿ ಹೇಳ್ಕೊಟ್ಟೆ. ಆ ಹಲಸಿನ ಮರ ಇನ್ನೂ ಇದ್ಯಾ?

ಪ್ರಕಾಶ್ ಭಾವ: ಕಡಿಸಾಯ್ತು

ಕಿಟ್ಟಿ ಮ್ಯೂನಿಕ್: ಯಾರು

ಪ್ರಕಾಶ್ ಭಾವ: ಅದನ್ನ ಬೇರೆ ದಿನ ಮಾತಾಡೋಣ

ದೊಡ್ಡಮ್ಮ: ಅನು, ಆ ಚೀನಾ ಫೋನಿನ ಕೇಸಲ್ಲಿ ಕೋರ್ಟು ಏನೋ ಡಿಪಾಸಿಟ್ ಅಂತಲ್ಲ, ಅದನ್ನ ಇನ್ನೊಂದ್ಸಲ ಹೇಳು

ಅನು: ವಾದ ನಡೀತಿರ್ಲಿ, ಯಾರದ್ದು ಸರಿ ಅಂತ ಆಮೇಲೆ ನೋಡೋಣ, ಅಲ್ಲಿವರೆಗೂ ಮಾರಬೇಕು ಅಂದ್ರೆ ಒಂದು ಫೋನಿಗೆ ಇಷ್ಟು ಅಂತ ಕೋರ್ಟಲ್ಲಿ ದುಡ್ಡಿಡಿ ಅಂತ ದೊಡ್ಡಮ್ಮ. ನೋಕಿಯಾ ಕೇಸಲ್ಲೂ ದಿಲ್ಲಿ ಹೈಕೋರ್ಟು 2023ರ ಜುಲೈಲಿ ಒಪ್ಪೊಗೆ ಹೀಗೇ ಡಿಪಾಸಿಟ್ ಇಡಿ ಅಂತು.

ದೊಡ್ಡಮ್ಮ: ಹಾಂ. ಅದು ಸರಿಯಾಗಿದೆ. ನೋಡಪ್ಪಾ, ಬೋರು ಯಾರದ್ದು, ರೇಟು ಎಷ್ಟು, ಬಿಲ್ಲು ಎಲ್ಲಿ ಅಂತ ಗೃಹಪ್ರವೇಶಕ್ಕೆ ಬಂದಾಗ ನೀನೂ ನಿಮ್ಮಣ್ಣನೂ ಎಷ್ಟು ಬೇಕಾದ್ರೂ ವಾದ ಮಾಡ್ಕೊಳ್ಳಿ. ಅಲ್ಲಿವರೆಗೂ ನೀರು ಬಿಟ್ಟ ಒಂದೊಂದು ದಿನಕ್ಕೆ 100 ರೂಪಾಯಿ ಅನು ಹತ್ರ ಇಡು. ಗೂಗಲ್ ಪೇ ಮಾಡು. ಇವತ್ತು ಬೆಳಿಗ್ಗೆನೂ ಬಿಟ್ಟಿದೀನಿ.

ಚಿಕ್ಕಪ್ಪ: ತೋಟದಲ್ಲಿದೀನಿ ಅತ್ತಿಗೆ ಸಿಗ್ನಲ್ ಸರಿ ಇಲ್ಲ

ಚಿಕ್ಕಮ್ಮ: ಇಲ್ಲೇ ಹಾಲಲ್ಲಿ ಕೂತಿದಾರೆ ಅಕ್ಕ