ಬಗ್ಸ್ ಬನ್ನಿ ಹೆಣ್ಣುವೇಷ ಹಾಕಿದಾಗ ನಾವು ನಕ್ಕಿದ್ದು ಯಾರನ್ನು ನೋಡಿ?

ಕ್ಯಾರೆಟ್‌ಪ್ರಿಯ: ಚಿಕ್ಕಂದಿನಲ್ಲಿ ಟಿವಿಯಲ್ಲಿ ನೋಡಿದ್ದ 'ರ‍್ಯಾಬಿಟ್ ಆಫ್ ಸೆವಿಲ್' ಮೊನ್ನೆ ಮತ್ತೆ ನೋಡಿದೆ. ಬಗ್ಸ್ ಬನ್ನಿ ಅನ್ನುವ ಮೊಲದ ಕಾರ್ಟೂನು, ಚಕ್ ಜೋನ್ಸ್ ನಿರ್ದೇಶನ, 1950ರದ್ದು. ಅವನನ್ನು ಬೇಟೆಯಾಡಲು ಬರುವ ಎಲ್ಮರ್ ಕೊಡಲಿ ಹಿಡಿದರೆ ಬಗ್ಸ್ ಇನ್ನೂ ದೊಡ್ಡದು ಹಿಡಿಯುತ್ತಾನೆ. ಆಮೇಲೆ ಬಂದೂಕು, ಫಿರಂಗಿ. ಇದ್ದಕ್ಕಿದ್ದಂತೆ ಬಗ್ಸ್ ಹೂವು, ಚಾಕೊಲೇಟ್, ಉಂಗುರ ಕೊಡುತ್ತಾನೆ. ಎಲ್ಮರ್ ಮದುಮಗಳ ಗೌನ್ ಹಾಕಿಕೊಂಡು ಬಂದೇಬಿಡುತ್ತಾನೆ!

ಶಾಲೆಯಲ್ಲಿ ನನ್ನ ನಡಿಗೆ ನೋಡಿ ಹುಡುಗರು ಹೆಣ್ಣಪ್ಪಿ ಅಂತ ಕೂಗುತ್ತಿದ್ದರು. ಮನೆಗೆ ಬಂದು ಟಿವಿ ಹಾಕಿದರೆ ಈ ಮೊಲ ಲಿಪ್‌ಸ್ಟಿಕ್ ಹಚ್ಚಿಕೊಂಡೂ ಗೆಲ್ಲುತ್ತಿತ್ತು. ನಾನು ಗೇ. ಅದರಿಂದ ನನಗೆ ಧೈರ್ಯ ಬಂದಿದ್ದು ನಿಜ. ಆದರೆ ಅದನ್ನು ಮಾಡಿದವರು ನಮ್ಮಂಥವರನ್ನು ಆಡಿಕೊಳ್ಳುತ್ತಿದ್ದರಾ?

ಹಳೇರೀಲು: ಎರಡೂ ಇತ್ತು. 1930ರ ದಶಕದ ಶುರುವಿನಲ್ಲಿ ಹಾಲಿವುಡ್‌ನಲ್ಲಿ 'ಪ್ಯಾನ್ಸಿ' ಅನ್ನುವ, ಹೆಣ್ಣಿನ ಥರ ಆಡುವ ಗಂಡಸಿನ ಪಾತ್ರ ಮಾಮೂಲಾಗಿತ್ತು. ಬಳುಕುವ ನಡಿಗೆ, ಇಳಿಬಿಟ್ಟ ಕೈ, ರಾಗದ ಮಾತು. ಕಾರ್ಟೂನುಗಳಲ್ಲೂ ಬರುತ್ತಿತ್ತು. ಅವನು ಹಾಗಿರುವುದೇ ಅಲ್ಲಿ ಜೋಕು. 1934ರಿಂದ ಹೇಸ್ ಕೋಡ್, ಅಂದರೆ ಸಿನಿಮಾದಲ್ಲಿ ಏನು ತೋರಿಸಬಾರದು ಅಂತ ಹಾಲಿವುಡ್ ತಾನೇ ಹಾಕಿಕೊಂಡ ನಿಯಮ, ಬಿಗಿಯಾಯಿತು. ಸಲಿಂಗ ಪ್ರೀತಿಯ ಸುಳಿವು ಕೂಡ ಕೊಡುವ ಹಾಗಿರಲಿಲ್ಲ. ವೇಷ, ಕಣ್ಸನ್ನೆ ಇಷ್ಟೇ ಉಳಿದವು. ಆದರೆ ಬಗ್ಸ್ ವಿಷಯದಲ್ಲಿ ಗಮನಿಸಿ, ಪೆದ್ದ ಆಗುವುದು ಎಲ್ಮರ್. ಬಗ್ಸ್‌ಗೆ ಆ ವೇಷದಲ್ಲಿ ಒಂಚೂರೂ ನಾಚಿಕೆಯಿಲ್ಲ. ನನಗೆ ದೊಡ್ಡ ವ್ಯತ್ಯಾಸ ಕಾಣುವುದು ಅಲ್ಲೇ.

ಇಟ್ಟಿಗೆಏಟು: ಅದಕ್ಕೂ ಮೊದಲು ಕ್ರೇಜಿ ಕ್ಯಾಟ್ ಇತ್ತಲ್ವಾ? ಜಾರ್ಜ್ ಹೆರಿಮನ್ 1913ರಿಂದ 1944ರವರೆಗೆ ಬರೆದ ಕಾಮಿಕ್ ಸ್ಟ್ರಿಪ್. ಆ ಬೆಕ್ಕು ಒಮ್ಮೆ 'ಅವನು', ಒಮ್ಮೆ 'ಅವಳು'. ಇಗ್ನಾಟ್ಜ್ ಇಲಿ ತಲೆಗೆ ಇಟ್ಟಿಗೆ ಎಸೆದರೆ ಅದನ್ನೇ ಪ್ರೀತಿ ಅಂದುಕೊಳ್ಳುತ್ತದೆ. 1930ರ ದಶಕದ ಸಿನಿಮಾ ಕಾರ್ಟೂನಿನಲ್ಲಿ ಅದನ್ನು ಮಿಕ್ಕಿ ಮೌಸ್ ಥರದ ಹುಡುಗ ಮಾಡಿ, ಜೊತೆಗೊಬ್ಬ ಗರ್ಲ್‌ಫ್ರೆಂಡ್ ಕೊಟ್ಟರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಳೇರೀಲು: ಕ್ಯಾರೆಟ್‌ಪ್ರಿಯ, ಡಿಸ್ನಿಯ 'ಫರ್ಡಿನಾಂಡ್ ದ ಬುಲ್' ನೋಡಿ. 1938ರದ್ದು, ಆಸ್ಕರ್ ಬಂದಿದೆ. ಬೇರೆ ಹೋರಿಕರುಗಳು ಗುದ್ದಾಡುವಾಗ ಇವನು ಮರದ ಕೆಳಗೆ ಕೂತು ಹೂವಿನ ವಾಸನೆ ನೋಡುತ್ತಾನೆ. ಅವನು ಗೇ ಅಂತ ಎಲ್ಲೂ ಹೇಳಿಲ್ಲ. ಆದರೂ ನಮ್ಮವನು ಅನ್ನಿಸುತ್ತಾನೆ.

ಕ್ಯಾರೆಟ್‌ಪ್ರಿಯ: ಈಗಷ್ಟೇ ನೋಡಿದೆ. ಅಮ್ಮ ಹಸು ಬಂದು ನೀನ್ಯಾಕೆ ಅವರ ಜೊತೆ ಆಡಲ್ಲ ಅಂತ ಕೇಳುತ್ತಾಳೆ. ಅವನಿಗೆ ಇಲ್ಲೇ ಖುಷಿ ಅಂತ ಗೊತ್ತಾದ ಮೇಲೆ ಸುಮ್ನೆ ಅವನ ಪಾಡಿಗೆ ಬಿಡುತ್ತಾಳೆ. ಅಲ್ಲಿ ನಿಲ್ಲಿಸಿ ಅಷ್ಟನ್ನೇ ಮೂರು ಸಲ ನೋಡಿದೆ. ನಮ್ಮಮ್ಮನಿಗೆ ನಾನಿನ್ನೂ ಏನೂ ಹೇಳಿಲ್ಲ. ಭಾನುವಾರ ಊರಿಗೆ ಹೋಗುತ್ತಿದ್ದೇನೆ, ಇದನ್ನು ಅವರ ಪಕ್ಕ ಕೂತು ನೋಡಬೇಕು.