ಕಾವಲಿನಲ್ಲಿ ಗಿಡ ನೆಡೋದೋ, ಜಾಲಿ ಕೀಳೋದೋ?

ಭಾನುವಾರದ ಬಳಗ:
ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನಲ್ಲಿ ಕೆಲಸ ಮಾಡೋ ನಲವತ್ತು ಜನ ಇದ್ದೀವಿ. ಹೆಚ್ಚಿನವರ ಊರು ಕಡೂರು, ಅರಸೀಕೆರೆ, ತಿಪಟೂರು ಕಡೆ. ಕಾಡುಪ್ರಾಣಿಗಳಿಗಾಗಿ ಕೈಯಾರೆ ಏನಾದರೂ ಮಾಡಬೇಕು ಅಂತ ಒಂದು ವರ್ಷದಿಂದ ಮಾತಾಡ್ಕೊಂಡಿದ್ವಿ. ನನ್ನ ತವರೂರಿನ ಪಕ್ಕದಲ್ಲಿ ಹಳೇ ಅಮೃತಮಹಲ್ ಕಾವಲು, ಅಂದರೆ ಹಿಂದೆ ದನ ಮೇಯೋಕೆ ಬಿಟ್ಟಿದ್ದ ಜಾಗ, ಇದೆ, ಅಲ್ಲಿ ಕೃಷ್ಣಮೃಗಗಳಿವೆ. ಆದರೆ ಎಲ್ಲಿ ನೋಡಿದರೂ ಬಯಲು. ಪಾಪ, ಆ ಜೀವಗಳಿಗೆ ನಿಲ್ಲೋಕೆ ಒಂದು ನೆರಳಿಲ್ಲ. ಮುಂಗಾರು ಹಿಡಿದ ಮೇಲೆ ಹೊಂಗೆ, ಬೇವು, ನೇರಳೆ ಸೇರಿಸಿ ಎರಡು ಸಾವಿರ ಸಸಿ ನೆಟ್ಟು, ಉಳಿದ ಕಡೆ ಬೀಜದುಂಡೆ ಎಸೆದು ಬರೋಣ ಅಂತಿದ್ದೀವಿ. ಗುಂಡಿ ಎಷ್ಟು ಆಳ ಇರಬೇಕು, ಸಸಿಗೂ ಸಸಿಗೂ ಎಷ್ಟು ಅಂತರ ಬಿಡಬೇಕು, ಅನುಭವ ಇರೋರು ಹೇಳಿ.

ಹಕ್ಕಿನೋಟ:
ಅಕ್ಕ, ನಿಮ್ಮ ಮನಸ್ಸು ದೊಡ್ಡದು, ಅದಕ್ಕೇ ನೇರವಾಗಿ ಹೇಳ್ತೀನಿ. ದಯವಿಟ್ಟು ಅಲ್ಲಿ ಒಂದು ಸಸಿಯನ್ನೂ ನೆಡಬೇಡಿ. ಅದು ಮರ ಕಳ್ಕೊಂಡ ಕಾಡಲ್ಲ, ಹುಲ್ಲುಗಾವಲು. ಕೃಷ್ಣಮೃಗ ಬದುಕೋದೇ ದೂರದವರೆಗೆ ಕಣ್ಣು ಹಾಯಿಸಿ, ಅಪಾಯ ಕಂಡ ಕೂಡಲೇ ಓಟ ಕಿತ್ತು. ಅದಕ್ಕೆ ಬಯಲೇ ರಕ್ಷಣೆ. ನೆಲಗುಬ್ಬಿ, ಟಿಟ್ಟಿಭ, ಗೌಜಲಹಕ್ಕಿ ಎಲ್ಲ ನೆಲದ ಮೇಲೇ ಮೊಟ್ಟೆ ಇಡ್ತವೆ. ನೀವು ನೆಟ್ಟ ಮರ ಎತ್ತರವಾದ ಮೇಲೆ ಮೊದಲು ಬಂದು ಕೂರೋದು ಕಾಗೆ. ಅಲ್ಲಿಂದ ಯಾವ ಗೂಡು ಎಲ್ಲಿದೆ ಅಂತ ಅದಕ್ಕೆ ಚೆನ್ನಾಗಿ ಕಾಣುತ್ತೆ. ಇನ್ನು ಬೀಜದುಂಡೆಯಲ್ಲಿ ಸುಬಾಬುಲ್ ಅನ್ನೋ ಬೇಗ ಹಬ್ಬೋ ಮರದ ಬೀಜ ಏನಾದರೂ ಸೇರಿದ್ದರೆ ಮುಂದೆ ಅದನ್ನ ಕೀಳೋದಕ್ಕೇ ಬೇರೆ ಬಳಗ ಕಟ್ಟಬೇಕಾಗುತ್ತೆ.

ಹಸಿರುಮನೆ:
ಇದು ಅತಿಯಾಯ್ತು. ಈ ಬಿಸಿಲಲ್ಲಿ, ಈ ಬರದಲ್ಲಿ ಗಿಡ ನೆಡಬೇಡಿ ಅನ್ನೋರನ್ನ ಇವತ್ತೇ ನೋಡಿದ್ದು. ಹುಲಿಕಲ್‌ನಿಂದ ಕುದೂರಿನವರೆಗೆ 385 ಆಲದ ಮರ ಬೆಳೆಸಿದ ಸಾಲುಮರದ ತಿಮ್ಮಕ್ಕನವರ ನಾಡು ಇದು. ನಲವತ್ತು ಜನ ತಮ್ಮ ರಜೆ ಬಿಟ್ಟು ಬರ್ತೀವಿ ಅಂದಾಗ ಹೀಗೆ ತಣ್ಣೀರೆರಚಿದರೆ ನಾಳೆ ಯಾರು ಮುಂದೆ ಬರ್ತಾರೆ? ನಮ್ಮ ತಾತನ ಕಾಲದಲ್ಲಿ ಅಲ್ಲೂ ಮರ ಇದ್ದಿರಬೇಕು, ಕಡಿದು ಬಯಲು ಮಾಡಿದ್ದಾರೆ.

ಹಕ್ಕಿನೋಟ:
ತಿಮ್ಮಕ್ಕನವರ ಹೆಸರು ತಂದಿದ್ದು ಒಳ್ಳೇದೇ ಆಯ್ತು. ಅವರು ನೆಟ್ಟಿದ್ದು ರಸ್ತೆ ಬದಿಯಲ್ಲಿ, ದಾರಿಹೋಕರಿಗೆ ನೆರಳು ಬೇಕಾದ ಜಾಗದಲ್ಲಿ. ಗಂಡ ಹೆಂಡತಿ ಕೊಡ ಹೊತ್ತು ನೀರು ಹಾಕಿ, ದನ ತಿನ್ನದ ಹಾಗೆ ಬೇಲಿ ಕಟ್ಟಿ, ಮಕ್ಕಳ ಹಾಗೆ ಸಾಕಿದರು. ಎಲ್ಲಿ ನೆಡಬೇಕು, ನೆಟ್ಟ ಮೇಲೆ ಎಷ್ಟು ವರ್ಷ ನಿಲ್ಲಬೇಕು, ಎರಡನ್ನೂ ಅವರಿಂದಲೇ ಕಲಿಯೋಣ. ಇನ್ನು ತಾತನ ಕಾಲದ ಮಾತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ಅರಮನೆಯ ದನಗಳ ವ್ಯವಸ್ಥೆಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ. ಆ ದನಗಳು ಮೇಯೋಕೆ ಅಂತಲೇ ಕಾದಿಟ್ಟ ಹುಲ್ಲಿನ ನೆಲಗಳೇ ಈ ಕಾವಲುಗಳು. ಮುನ್ನೂರು ವರ್ಷದ ಹಿಂದೆಯೂ ಅವು ಹುಲ್ಲುಗಾವಲೇ.

ರಾಣೆಬೆನ್ನೂರ ಮಾಸ್ತರ:
ನಮ್ಮ ಕಡೆ ಆದದ್ದು ಹೇಳ್ತೀನಿ ಕೇಳ್ರಿ. ರಾಣೆಬೆನ್ನೂರ ಕೃಷ್ಣಮೃಗ ಅಭಯಾರಣ್ಯ ಆಗಿದ್ದು 1974ರಾಗ, 119 ಚದರ ಕಿಲೋಮೀಟರ್. ಕೃಷ್ಣಮೃಗದ ಜೋಡಿ ಎರೆಭೂತ, ಅಂದ್ರ ಗ್ರೇಟ್ ಇಂಡಿಯನ್ ಬಸ್ಟರ್ಡ್, ಇದ್ದ ನೆಲ ಅದು. ಅಂಥಾ ಬಯಲಾಗ ನೀಲಗಿರಿ ಹಚ್ಚಿದ್ರು. ಹಚ್ಚಿದವರೇನು ಕೆಟ್ಟ ಮಂದಿ ಅಲ್ಲ, ನಿಮ್ಮಂಗ ಹಸಿರು ಮಾಡೂಣು ಅಂದವರ. ದೂರಕ್ಕ ಕಣ್ಣು ಹಾಯದ ಜಾಗದಾಗ ಆ ಹಕ್ಕಿ ನಿಲ್ಲಂಗಿಲ್ರಿ. ಈಗ ನಮ್ಮಲ್ಲಿ ಅದು ಇಲ್ಲ. ರಾಜ್ಯದಾಗ ಉಳಿದದ್ದು ಸಿರುಗುಪ್ಪ ಕಡೆ, ಬೆರಳಾಗ ಎಣಿಸುವಷ್ಟು. ಸಾಲಿ ಹುಡುಗರಿಗೆ ಆ ಹಕ್ಕಿ ಚಿತ್ರದಾಗ ತೋರಸಬೇಕಾದ್ರ ನನಗ ಗಂಟಲು ಕಟ್ಟತೈತಿ.

ನಿವೃತ್ತ ಗಾರ್ಡ್:
ಮಾಸ್ತರರ ಮಾತಿಗೆ ನಾನೂ ಒಂದು ಸೇರಿಸಬೇಕು. ನಮ್ಮ ವಲಯದಲ್ಲಿ ಹುಲ್ಲುಗಾವಲಿನ ಮಧ್ಯೆ ಜೆಸಿಬಿಯಿಂದ ಟ್ರೆಂಚ್ ಹೊಡೆಸಿ ಸಸಿ ನೆಡಿಸಿದವನು ನಾನೇ. ಆ ವರ್ಷ ಗುರಿ ಮುಟ್ಟಬೇಕಿತ್ತು, ಸಸಿ ಬಂದಿದ್ದವು, ಎಲ್ಲಿ ಖಾಲಿ ಕಂಡಿತೋ ಅಲ್ಲಿ ನೆಟ್ಟೆವು. ಮರ್ಯಾದೆಯಿಂದ ಮಾಡಿದ ಕೆಲಸ ಅಂತಲೇ ಅಂದುಕೊಂಡಿದ್ದೆ. ಮೂರು ಮಳೆಗಾಲ ಆದ ಮೇಲೆ ಸಸಿಯೂ ಉಳಿದಿರಲಿಲ್ಲ, ಟ್ರೆಂಚ್ ಮಣ್ಣು ಬಿದ್ದ ಕಡೆ ಹುಲ್ಲೂ ಬಂದಿರಲಿಲ್ಲ, ಕಳೆ ತುಂಬಿತ್ತು. ಪಹಣಿಯಲ್ಲಿ ಖರಾಬು ಅಂತ ಒಂದು ಮಾತು ಬರೆದಿರುತ್ತಾರಲ್ಲ, ಕಂದಾಯ ಹುಟ್ಟದ ನೆಲಕ್ಕೆ ಇಟ್ಟ ಹೆಸರು ಅದು. ನಾವು ಅದನ್ನೇ ನಂಬಿ, ನೆಲ ನಿಜವಾಗಿಯೂ ಕೆಟ್ಟಿದೆ ಅಂದುಕೊಂಡೆವು. ಖರಾಬು ಅಂದಿದ್ದರಿಂದಲೇ ಅಂಥ ನೆಲ ಬೇರೆ ಕೆಲಸಕ್ಕೂ ಸುಲಭವಾಗಿ ಹೋಗುತ್ತದೆ. ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ಹೋಗಿದ್ದನ್ನು ನೋಡಿದ್ದೇವೆ.

ಭಾನುವಾರದ ಬಳಗ:
ಓದಿ ಮನಸ್ಸಿಗೆ ಕಸಿವಿಸಿ ಆಯ್ತು. ಚಿಕ್ಕಂದಿನಿಂದ ಆ ಕಾವಲು ನೋಡಿದ್ದೀನಿ, ಅದು ಖಾಲಿ ಜಾಗ ಅಂತಲೇ ನನ್ನ ತಲೆಯಲ್ಲಿತ್ತು. ಸಸಿ ಬೇಡ ಅಂತ ನರ್ಸರಿಗೆ ಹೇಳಿಬಿಡ್ತೀನಿ. ಆದರೆ ನಲವತ್ತು ಜನ ಇದ್ದೀವಲ್ಲ, ಸುಮ್ಮನೆ ಮನೆಯಲ್ಲಿ ಕೂತ್ಕೊಳ್ಳೋದಾ? ಏನು ಮಾಡಬಹುದು ಹೇಳಿ.

ಹಕ್ಕಿನೋಟ:
ಕೂರೋದು ಯಾಕೆ, ಕೆಲಸ ಬೇಕಾದಷ್ಟಿದೆ. ಕಾವಲಿನ ಅಂಚಿನಲ್ಲಿ ಬಳ್ಳಾರಿ ಜಾಲಿ ಹಬ್ಬಿದೆಯಾ ನೋಡಿ. ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದ ಗಿಡ ಅದು. ಹಬ್ಬಿದ ಕಡೆ ಹುಲ್ಲು ಇಲ್ಲ, ಹುಲ್ಲಿಲ್ಲದ ಕಡೆ ಕೃಷ್ಣಮೃಗ ಇಲ್ಲ. ಬುಡಕ್ಕೆ ಕತ್ತರಿಸಿದರೆ ಪ್ರಯೋಜನವಿಲ್ಲ, ಒಂದಿದ್ದದ್ದು ಹತ್ತು ಚಿಗುರಾಗಿ ಏಳುತ್ತೆ. ಮೊಣಕಾಲೆತ್ತರದ ಸಸಿಗಳನ್ನ ನೆಲ ಮೆತ್ತಗಿದ್ದಾಗ ಬೇರುಸಮೇತ ಕೀಳಬೇಕು, ದೊಡ್ಡದಕ್ಕೆ ಹಾರೆ ಬೇಕು. ಒಂದು ಭಾನುವಾರಕ್ಕೆ ಮುಗಿಯೋದಲ್ಲ. ಮಣ್ಣಲ್ಲಿ ಬೀಜ ಉಳಿದಿರುತ್ತೆ, ವರ್ಷ ವರ್ಷ ಅದೇ ಜಾಗಕ್ಕೆ ಮತ್ತೆ ಹೋಗಬೇಕು.

ಕುರಿಹಟ್ಟಿ ಹುಡುಗ:
ಅಣ್ಣಾ, ಸ್ವಲ್ಪ ನಿಲ್ಲಿ. ಇಷ್ಟು ಹೊತ್ತು ಎಲ್ಲರೂ ಕೃಷ್ಣಮೃಗದ ಮಾತಾಡಿದ್ರಿ, ಆ ಬಯಲಲ್ಲಿ ದಿನಾ ಓಡಾಡೋ ನಮ್ಮನ್ನ ಯಾರೂ ಕೇಳಲಿಲ್ಲ. ನಮ್ಮದು ನೂರಿಪ್ಪತ್ತು ಕುರಿ. ಏಪ್ರಿಲ್, ಮೇ ತಿಂಗಳಲ್ಲಿ ಹುಲ್ಲೆಲ್ಲ ಸುಟ್ಟು ಹೋದಾಗ ಕುರಿ ಉಳಿಯೋದು ಆ ಜಾಲಿ ಕಾಯಿ ತಿಂದೇ. ನಮ್ಮೂರಲ್ಲಿ ನಾಲ್ಕು ಮನೆಯವರು ಜಾಲಿ ಸುಟ್ಟು ಇದ್ದಿಲು ಮಾಡಿ ಬದುಕ್ತಾರೆ. ನೀವು ಒಂದು ಕಡೆಯಿಂದ ಎಲ್ಲಾ ಕಿತ್ತು ಹೋದರೆ ಅವರ ಒಲೆಗೆ ಯಾರು ಜವಾಬ್ದಾರಿ?

ಹಸಿರುಮನೆ:
ಆ ಕುರಿಗಳೇ ಅಲ್ಲವೇ ಹುಲ್ಲು ಬುಡ ಸಮೇತ ಬೋಳಿಸೋದು? ಅಷ್ಟೇ ಅಲ್ಲ, ಕಾಯಿ ತಿಂದು ಹಿಕ್ಕೆಯಲ್ಲಿ ಜಾಲಿ ಬೀಜ ಊರ ತುಂಬಾ ಬಿತ್ತೋದೂ ಅವೇ. ಹುಲ್ಲುಗಾವಲು ಉಳಿಸಬೇಕು ಅಂದರೆ ಮೊದಲು ಮೇಯಿಸೋದು ನಿಲ್ಲಿಸಿ, ಸುತ್ತ ತಂತಿಬೇಲಿ ಹಾಕಿ.

ಕುರಿಹಟ್ಟಿ ಹುಡುಗ:
ಬೀಜ ಹಿಕ್ಕೆಯಲ್ಲಿ ಬರೋದು ನಿಜ ಸರ್, ಒಪ್ಪಿಕೊಳ್ತೀನಿ. ಆದರೆ ಬೇಲಿ ಹಾಕಿದ ಕಡೆ ಏನಾಗಿದೆ ಅಂತಲೂ ನೋಡಿದ್ದೀನಿ. ನಾವು ಒಳಗೆ ಹೋಗೋದು ನಿಂತ ಮೇಲೆ ಎರಡೇ ವರ್ಷಕ್ಕೆ ಜಾಲಿ ಬೆಳೆದು ಒಳಗೆ ಕಾಲಿಡೋಕಾಗ್ತಿರಲಿಲ್ಲ. ಬೆಂಕಿ ಬಿದ್ದಾಗ ಸೊಪ್ಪು ಹಿಡ್ಕೊಂಡು ಮೊದಲು ಓಡೋರು ನಾವು. ತೋಳ ವರ್ಷಕ್ಕೆ ಎರಡು ಮೂರು ಮರಿ ಹೊತ್ಕೊಂಡು ಹೋಗುತ್ತೆ, ನಮ್ಮಪ್ಪ ಒಂದು ದಿನವೂ ವಿಷ ಇಡಲಿಲ್ಲ. ಅದರ ಪಾಲು ಅದಕ್ಕೆ ಅಂತಾರೆ. ನಮ್ಮನ್ನ ಆಚೆ ಇಟ್ಟು ಆ ತೋಳನ ಯಾರು ಕಾಯ್ತಾರೆ?

ನಿವೃತ್ತ ಗಾರ್ಡ್:
ಹುಡುಗ ಹೇಳಿದ್ದರಲ್ಲಿ ತೂಕ ಇದೆ. ಕುರಿ ಒಂದೇ ಕಡೆ ವರ್ಷವಿಡೀ ನಿಂತರೆ ಹುಲ್ಲು ಸಾಯುತ್ತದೆ, ಅದು ಹಸಿರುಮನೆಯವರ ಮಾತಿನ ನಿಜ. ಜಾಗ ಬದಲಾಯಿಸುತ್ತಾ ಮೇಯಿಸಿದರೆ ಹುಲ್ಲು ತಡೆದುಕೊಳ್ಳುತ್ತದೆ. ಜಾಲಿಯನ್ನೂ ಒಟ್ಟಿಗೆ ಕೀಳಬೇಕಾಗಿಲ್ಲ. ನಡುಬಯಲಿಗೆ ಈಗಷ್ಟೇ ನುಗ್ಗುತ್ತಿರುವ ಎಳೆ ಸಸಿ ಮೊದಲು ಕೀಳಿ. ಅಂಚಿನ ಹಳೇ ಪೊದೆಯನ್ನು ಇದ್ದಿಲಿನವರೇ ಕಡಿಯಲಿ, ಬೊಡ್ಡೆ ನೀವು ತೆಗೆಯಿರಿ.

ಬಳಗದವರಿಗೆ ಎರಡು ಮಾತು. ಒಪ್ಪಿಗೆ ಇಲ್ಲದೆ ಒಳಗೆ ಹೋಗಬೇಡಿ. ಆ ಕಾವಲು ಯಾರ ಸುಪರ್ದಿಯಲ್ಲಿದೆ, ಪಶುಸಂಗೋಪನೆಯದೋ ಅರಣ್ಯದ್ದೋ, ಮೊದಲು ತಿಳಿಯಿರಿ. ಸಂರಕ್ಷಣಾ ಮೀಸಲು ಅಂತ ಘೋಷಣೆಯಾಗಿದ್ದರೆ, ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅದಕ್ಕೊಂದು ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ಗ್ರಾಮ ಪಂಚಾಯಿತಿಯವರೂ ಸ್ವಯಂಸೇವಾ ಸಂಸ್ಥೆಯವರೂ ಇರುತ್ತಾರೆ. ಬಸೂರು ಕಾವಲು, ಮೈದನಹಳ್ಳಿಯ ಜಯಮಂಗಲಿ ಅಂಥ ಮೀಸಲುಗಳೇ. ನೀವು ಹೋಗಿ ಕೂತು ಮಾತಾಡಬೇಕಾದ ಜಾಗ ಆ ಸಮಿತಿ. ಎರಡನೆಯದು, ಮುಂಗಾರಿನಲ್ಲಿ ಹೋಗಬೇಡಿ, ಹುಲ್ಲಿನಲ್ಲಿ ಮೊಟ್ಟೆ ಮರಿ ಇರುತ್ತವೆ. ನಲವತ್ತು ಜೋಡಿ ಕಾಲು ಓಡಾಡಿದರೆ ಎಷ್ಟು ಗೂಡು ಉಳಿದಾವು? ಹಿಂಗಾರು ಕೊನೆಗೆ, ನೆಲದಲ್ಲಿ ಇನ್ನೂ ತೇವ ಇದ್ದಾಗ ಹೋಗಿ. ತಿಂಡಿ ಪೊಟ್ಟಣ ಒಂದನ್ನೂ ಅಲ್ಲಿ ಬಿಡಬೇಡಿ. ಎಂಜಲಿಗೆ ಬೀದಿನಾಯಿ ಬರುತ್ತವೆ, ಬಂದ ನಾಯಿ ಹುಲ್ಲಿನಲ್ಲಿ ಅಡಗಿ ಮಲಗಿದ ಕೃಷ್ಣಮೃಗದ ಮರಿಯನ್ನು ಹುಡುಕುತ್ತದೆ. ಹಾಗೆ ಸತ್ತ ಮರಿಗಳನ್ನು ನಾನೇ ಹೂತಿದ್ದೇನೆ.

ಹಸಿರುಮನೆ:
ಬೇಲಿಯ ಮಾತು ವಾಪಸ್ ತಗೊಳ್ತೀನಿ, ತಮ್ಮಾ. ಆದರೆ ಗಿಡದ ಮಾತು ಪೂರ್ತಿ ಬಿಡೋಕೆ ನನಗಾಗಲ್ಲ. ಆ ಎರಡು ಸಾವಿರ ಸಸಿ ಏನು ಮಾಡ್ತೀರಿ? ನಮ್ಮೂರ ಶಾಲೆ ಅಂಗಳ, ಕೆರೆ ಏರಿಯ ದಾರಿ, ಸಂತೆಮಾಳ ಎಲ್ಲಾ ಬಿಸಿಲಿಗೆ ಕಾದ ಹೆಂಚಾಗಿವೆ. ಇನ್ನೂರು ಸಸಿ ಕೊಡಿ. ಮೂರು ಬೇಸಿಗೆ ನೀರು ಹಾಕೋ ಜವಾಬ್ದಾರಿ ನನ್ನದು.

ರಾಣೆಬೆನ್ನೂರ ಮಾಸ್ತರ:
ಇದು ಚಲೋ ಆತು ನೋಡ್ರಿ. ಅಲ್ಲಿ ಹಚ್ಚೂದ ಬರೋಬ್ಬರಿ.

ಭಾನುವಾರದ ಬಳಗ:
ಇನ್ನೂರಲ್ಲ, ಮುನ್ನೂರು ತಗೊಳ್ಳಿ ಸರ್. ಉಳಿದದ್ದನ್ನ ನರ್ಸರಿಯಲ್ಲೇ ಬಿಡ್ತೀವಿ.

ನಮ್ಮ ಬಳಗದಲ್ಲಿ ಎಲ್ಲರಿಗೂ ಇದನ್ನ ಓದಿಸಿದೆ. ಇಪ್ಪತ್ತಾರು ಜನ ಹಿಂದೆ ಸರಿದರು. ಒಂದು ದಿನ ಬಂದು ಫೋಟೊ ತೆಗೆಸ್ಕೊಂಡು ಹೋಗೋದಾದರೆ ಬರ್ತಿದ್ವಿ, ವರ್ಷ ವರ್ಷ ಆಗಲ್ಲ ಅಂದರು. ಅವರು ಸುಳ್ಳು ಹೇಳಲಿಲ್ಲವಲ್ಲ, ಅದೇ ಸಮಾಧಾನ. ಉಳಿದ ಹದಿನಾಲ್ಕು ಜನ ಮೂರು ವರ್ಷಕ್ಕೆ ಒಪ್ಪಿದ್ದೀವಿ. ಮೊದಲ ಸಲ ಹಾರೆ ಗುದ್ದಲಿ ಏನೂ ತರಲ್ಲ, ನಾಲ್ಕು ಜನ ಮಾತ್ರ ಪಂಚಾಯಿತಿಗೆ ಹೋಗಿ, ಆಮೇಲೆ ಕಾವಲಿನ ಅಂಚಿನಲ್ಲಿ ನಡೆದು ನೋಡ್ತೀವಿ. ಕುರಿಹಟ್ಟಿ ತಮ್ಮಾ, ನೀವು ಜೊತೆಗೆ ಬರ್ತೀರಾ? ಎಲ್ಲಿ ಕೀಳಬೇಕು, ಎಲ್ಲಿ ಬಿಡಬೇಕು ಅಂತ ತೋರಿಸೋಕೆ ನೀವಿಲ್ಲದೆ ಆಗಲ್ಲ.

ಕುರಿಹಟ್ಟಿ ಹುಡುಗ:
ಬರ್ತೀನಿ ಅಕ್ಕ. ಇದ್ದಿಲಿನ ಮನೆಯವರನ್ನೂ ಕರ್ಕೊಂಡು ಬರ್ತೀನಿ, ಅವರೆದುರಿಗೇ ಮಾತಾಡೋಣ. ದೀಪಾವಳಿ ಕಳೆದ ಮೇಲಿನ ಭಾನುವಾರ ಆಗಬಹುದು, ಆಗ ಕುರಿ ಹೊಲದ ಕಡೆ ಇರ್ತವೆ, ನನಗೂ ಬಿಡುವು. ಚಪ್ಪಲಿ ಬೇಡ, ಬೂಟು ಹಾಕ್ಕೊಂಡು ಬನ್ನಿ. ಕರಡದ ಹುಲ್ಲು ಬಲಿತಿರುತ್ತೆ, ಅದರ ಮುಳ್ಳು ಸಾಕ್ಸಿಗೆ ನಾಟಿದರೆ ಒಂದೊಂದೇ ಕೀಳಬೇಕು. ಬುತ್ತಿ ಕಟ್ಕೊಂಡು ಬರಬೇಡಿ, ಊಟ ನಮ್ಮ ಹಟ್ಟಿಯಲ್ಲೇ, ಮುದ್ದೆ, ಹುರುಳಿ ಸಾರು. ಬಸ್ಸು ಎಷ್ಟು ಹೊತ್ತಿಗೆ ಇಳಿಯುತ್ತೆ ಅಂತ ಹಿಂದಿನ ದಿನ ತಿಳಿಸಿ, ಕ್ರಾಸಲ್ಲಿ ನಿಂತಿರ್ತೀನಿ.